ಪಿಎಚ್‌ಡಿ ಆಯ್ತು, ಪೋಸ್ಟ್‌ಡಾಕ್ ಹುಡುಕೋದು ಹೇಗೆ?

ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಆದ್ಮೇಲೆ ಯಾವುದಾದ್ರೂ ಲ್ಯಾಬಲ್ಲೋ ಯೂನಿವರ್ಸಿಟೀಲೋ ಕೆಲವು ವರ್ಷ ಮಾಡೋ ಸಂಶೋಧನೆ ಕೆಲಸ. ಶಂಕರಘಟ್ಟದ ಕುವೆಂಪು ಯೂನಿವರ್ಸಿಟೀಲಿ ಥೀಸಿಸ್ ಸಬ್ಮಿಟ್ ಮಾಡಿ ಬಂದ ನಮ್ಮ ಹುಡುಗ್ರು ಹುಡುಗೀರು ದೊಡ್ಡ ಯೂನಿವರ್ಸಿಟಿ ವೆಬ್‌ಸೈಟಿಗೆ ಹೋಗಿ ಪೋಸ್ಟ್‌ಡಾಕ್ ಅಂತ ಟೈಪ್ ಮಾಡ್ತಾರೆ, ನಾಕು ಜಾಹೀರಾತು ನೋಡಿ ನಮ್ ಸಬ್ಜೆಕ್ಟ್ ಇಲ್ಲ ಅಂತ ಸುಮ್ಮನಾಗ್ತಾರೆ. ಅಲ್ಲೇ ಬಿಡಬೇಡಿ. ಅಷ್ಟು ದೊಡ್ಡ ಕಡೆ ಎಲ್ಲಾ ಒಂದೇ ಪಟ್ಟೀಲಿ ಇರಲ್ಲ, ಕೆಲವು ಡಿಪಾರ್ಟ್‌ಮೆಂಟ್ ಪೇಜಲ್ಲಿ, ಕೆಲವು ಯಾವುದೋ ಲ್ಯಾಬ್ ಪೇಜಿನ ತುದೀಲಿ ಒಂದು ಸಾಲು. ಆಕ್ಸ್‌ಫರ್ಡಲ್ಲಿ ಕಾಲೇಜುಗಳೇ ಬೇರೆ ಬೇರೆಯಾಗಿ ಜೂನಿಯರ್ ರಿಸರ್ಚ್ ಫೆಲೋಶಿಪ್ ಕರೀತವೆ, ಹೆಸರು ನಮ್ಮ ಜೆಆರ್‌ಎಫ್ ಥರ ಇದ್ರೂ ಅಲ್ಲಿ ಅದು ಪೋಸ್ಟ್‌ಡಾಕೇ.

ಮೊದ್ಲು ಹುಡುಕೋ ಪದ ಸರಿ ಮಾಡ್ಕೊಳ್ಳಿ. ನನ್ನ ತಂಗಿ ಪಿಎಚ್‌ಡಿ ಮಾಡಿದ್ದು ಅಡಿಕೆ ಕೊಳೆರೋಗದ ಮೇಲೆ. ಅಡಿಕೆ ಅಂತ ಹುಡುಕಿದ್ರೆ ಹೊರದೇಶದಲ್ಲಿ ಒಂದು ಲ್ಯಾಬೂ ಸಿಗ್ಲಿಲ್ಲ, ಪಾಪ ಎರಡು ವಾರ ಅತ್ತಿದ್ಲು. ಆಮೇಲೆ ಕೊಳೆ ತರೋ ರೋಗಾಣು ಫೈಟೋಫ್ತೋರಾ ಅನ್ನೋ ಹೆಸರು ಹಾಕಿದ್ಲು ನೋಡಿ, ಆಲೂಗಡ್ಡೆ ಅಂಗಮಾರಿ ತರೋದೂ ಅದೇ ಕುಲದ್ದು, ನೆದರ್‌ಲ್ಯಾಂಡ್ಸಿನ ವಾಗೆನಿಂಗನ್ ಯೂನಿವರ್ಸಿಟೀಲಿ ಅದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಬೆಳೆ ಹೆಸರು ಬಿಟ್ಟು ರೋಗಾಣು ಹೆಸರು, ಊರ ಹೆಸರು ಬಿಟ್ಟು ವಿಧಾನದ ಹೆಸರು ಹಾಕಿ.

ಲ್ಯಾಬ್ ಸಿಕ್ಕಿದ ಮೇಲೆ ಅವರ ಈಚಿನ ಐದಾರು ಪೇಪರ್ ತೆಗೆದು ಕೊನೇಲಿರೋ ಕೃತಜ್ಞತೆ ಭಾಗ ಓದಿ, ಯಾರೂ ಓದಲ್ಲ ಅದನ್ನ, ಆದ್ರೆ ಆ ಲ್ಯಾಬಿನ ಪೋಸ್ಟ್‌ಡಾಕ್‌ಗಳಿಗೆ ದುಡ್ಡು ಎಲ್ಲಿಂದ ಬಂತು ಅಂತ ಅಲ್ಲೇ ಬರ್ದಿರ್ತಾರೆ. ಅದೇ ನಿಮ್ಮ ದಾರಿ.

ಇನ್ನೊಂದು, ಪ್ರೊಫೆಸರ್ ತಮ್ಮ ಪ್ರಾಜೆಕ್ಟ್ ದುಡ್ಡಲ್ಲಿ ಕರೆಯೋ ಕೆಲಸ ಬೇರೆ, ನಿಮ್ಮ ಪ್ರಪೋಸಲ್‌ಗೆ ನಿಮ್ಮ ಹೆಸರಲ್ಲೇ ಬರೋ ಫೆಲೋಶಿಪ್ ಬೇರೆ. ಎರಡನೇದಕ್ಕೂ ಸಾಮಾನ್ಯವಾಗಿ ಅಲ್ಲಿನ ಪ್ರೊಫೆಸರ್ ಒಪ್ಪಿಗೆ ಬೇಕು, ಹಾಗಾಗಿ ಮೇಲ್ ಬರೀಲೇಬೇಕು. ನಲವತ್ತು ಜನಕ್ಕೆ ಒಂದೇ ಮೇಲ್ ಕಳಿಸಬೇಡಿ ದಯವಿಟ್ಟು. ಅವರ ಯಾವ ಪೇಪರ್ ಓದಿದ್ರಿ, ನಿಮ್ಮ ಕೈಗೆ ಯಾವ ಕೆಲಸ ಬರುತ್ತೆ, ಥೀಸಿಸ್ ಯಾವಾಗ ಮುಗಿಯುತ್ತೆ, ಯಾವ ಫೆಲೋಶಿಪ್‌ಗೆ ಒಟ್ಟಿಗೆ ಅರ್ಜಿ ಹಾಕಬಹುದು, ಇಷ್ಟು ಹತ್ತು ಸಾಲಲ್ಲಿ ಬರೀರಿ. ಉತ್ತರ ಬರ್ಲಿಲ್ಲ ಅಂದ್ರೆ ಎರಡು ವಾರ ಬಿಟ್ಟು ಒಂದ್ಸಲ ನೆನಪಿಸಿ, ತಪ್ಪೇನಿಲ್ಲ.

ದೇಶದಲ್ಲೇ ಇರ್ತೀವಿ ಅನ್ನೋರಿಗೆ ಎಎನ್‌ಆರ್‌ಎಫ್‌ನ (ಸಂಶೋಧನೆಗೆ ದುಡ್ಡು ಕೊಡೋ ಕೇಂದ್ರ ಸರ್ಕಾರದ ಸಂಸ್ಥೆ, ಮೊದಲು ಎಸ್‌ಇಆರ್‌ಬಿ ಅಂತಿದ್ದದ್ದು) ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಇದೆ, ಎರಡು ವರ್ಷದ್ದು. ಬೆಂಗಳೂರಿನ ಐಐಎಸ್‌ಸಿಲಿ ಸಿ.ವಿ. ರಾಮನ್ ಹೆಸರಿನ ಪೋಸ್ಟ್‌ಡಾಕ್ ಇದೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರದೋರು ಸಮಾಜ ವಿಜ್ಞಾನ ಸಂಶೋಧನೆಗೆ ದುಡ್ಡು ಕೊಡೋ ಐಸಿಎಸ್‌ಎಸ್‌ಆರ್ ನೋಡಿ. ಜರ್ಮನಿಯ ಹುಂಬೋಲ್ಟ್ ಫೌಂಡೇಶನ್ನಿನ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ಮುಗಿದು 4 ವರ್ಷದೊಳಗೆ ಅರ್ಜಿ ಹಾಕಬೇಕು, ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಪಿಎಚ್‌ಡಿ ಆದ್ಮೇಲಿನ ಸಂಶೋಧನೆ ಅನುಭವ 8 ವರ್ಷ ಮೀರಬಾರದು. ಮನೆ ತೋಟ ಅಂತ ಎರಡು ವರ್ಷ ಊರಲ್ಲಿ ಕೂತೋರು ಈ ಲೆಕ್ಕ ಮೊದ್ಲು ಹಾಕಿ. ಆಫರ್ ಕೊಡೋಕೆ ದುಡ್ಡು ಕಟ್ಟಿ ಅಂತ ಯಾರಾದ್ರೂ ಅಂದ್ರೆ ಅಲ್ಲಿಗೇ ಬಿಟ್ಬಿಡಿ.

ಗೈಡ್ ಹತ್ರ ಶಿಫಾರಸು ಪತ್ರವನ್ನ ಒಂದು ತಿಂಗಳು ಮುಂಚೆನೇ ಕೇಳಿ. ಮೇರಿ ಕ್ಯೂರಿ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಲ್ಲಿ ಮುಗಿಯೋದು, ಗಡುವು ಬ್ರಸೆಲ್ಸ್ ಸಮಯದ ಸಂಜೆ 5 ಗಂಟೆ, ಅಂದ್ರೆ ನಮಗೆ ರಾತ್ರಿ 8:30. ಆಗುಂಬೆ, ಹೊಸನಗರದ ಕಡೆ ಆ ಹೊತ್ತಿಗೆ ಮಳೆ ಇದ್ರೆ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಮೂರು ದಿನ ಮುಂಚೆನೇ ಶಿವಮೊಗ್ಗದಲ್ಲಿ ಯಾರಾದ್ರೂ ನೆಂಟರ ಮನೇಲಿ ಕೂತು ಅಪ್‌ಲೋಡ್ ಮಾಡಿ ಬನ್ನಿ.