ಏಳು ಮೊಟ್ಟೆ, ಎರಡು ಮೊಟ್ಟೆ, ಮೊಟ್ಟೆಯೇ ಇಲ್ಲ

ಅಮೆರಿಕದ ಯಾವ ರೆಸಿಪಿ ಕೈಗೆ ಸಿಕ್ಕರೂ ನಾನು ಮೊದಲು ನೋಡುವುದು ಮೊಟ್ಟೆ ಎಷ್ಟು ಅಂತ. ನಾವು ಮೊಟ್ಟೆ ತಿನ್ನುವುದಿಲ್ಲ, ಅಷ್ಟೇ ಕಾರಣ. ಇಲ್ಲಿ ಅಮೆರಿಕಕ್ಕೆ ಬಂದ ಮೇಲೆ ಹಳೆಯ ಅಡುಗೆ ಪುಸ್ತಕಗಳ ಹುಚ್ಚು ಹಿಡಿಯಿತು. ಮೊಟ್ಟೆಯ ಲೆಕ್ಕ ನೋಡುತ್ತಾ ಹೋದರೆ ಆ ಮನೆಯವರ ಸ್ಥಿತಿಯೂ ತಿಳಿಯುತ್ತದೆ ಅಂತ ಆಗ ಗೊತ್ತಾಯಿತು.

ಅಮೀಲಿಯಾ ಸಿಮನ್ಸ್ ಅವರ 'ಅಮೆರಿಕನ್ ಕುಕರಿ' 1796ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾಯಿತು. ಅಮೆರಿಕದವರೊಬ್ಬರು ಬರೆದು ಅಲ್ಲೇ ಪ್ರಕಟವಾದ ಮೊದಲ ಅಡುಗೆ ಪುಸ್ತಕ ಅಂತ ಅದಕ್ಕೆ ಹೆಸರು. ಅದರಲ್ಲಿ ಇಂಡಿಯನ್ ಪುಡ್ಡಿಂಗ್ ಇದೆ. ನಮಗೂ ಅದಕ್ಕೂ ಸಂಬಂಧವಿಲ್ಲ. ಮೂಲನಿವಾಸಿಗಳಿಂದ ಕಲಿತ ಮುಸುಕಿನ ಜೋಳದ ಹಿಟ್ಟಿಗೆ ಆಗ ಇಂಡಿಯನ್ ಮೀಲ್ ಅನ್ನುತ್ತಿದ್ದರು.

ಅದೇ ಪುಡ್ಡಿಂಗನ್ನು ಅವರು ಮೂರು ಥರ ಬರೆದಿದ್ದಾರೆ. ಮೊದಲನೆಯದಕ್ಕೆ ಏಳು ಚಮಚ ಹಿಟ್ಟಿಗೆ ಏಳು ಮೊಟ್ಟೆ, ಅರ್ಧ ಪೌಂಡ್ ಒಣದ್ರಾಕ್ಷಿ, ಬೆಣ್ಣೆ, ಸಕ್ಕರೆ. ಎರಡನೆಯದಕ್ಕೆ ಎರಡೇ ಮೊಟ್ಟೆ, ದ್ರಾಕ್ಷಿ ಇಲ್ಲ. ಸಕ್ಕರೆ ಇಲ್ಲದಿದ್ದರೆ ಕಾಕಂಬಿ (ಮೊಲಾಸಿಸ್) ಸಾಕು. ಮೂರನೆಯದಕ್ಕೆ ಹಿಟ್ಟು, ಹಾಲು, ಉಪ್ಪು, ಒಂದಿಷ್ಟು ಸಿಹಿ. ಗಟ್ಟಿ ಬಟ್ಟೆಯಲ್ಲೋ ಪಾತ್ರೆಯಲ್ಲೋ ಹಾಕಿ, ನೀರು ಒಳಗೆ ಹೋಗದಂತೆ ಮುಚ್ಚಿ, 12 ಗಂಟೆ ಬೇಯಿಸಬೇಕು. ಕೈಯಲ್ಲಿ ದುಡ್ಡು ಕಮ್ಮಿಯಾದಷ್ಟೂ ಒಲೆಯ ಮೇಲೆ ಹೊತ್ತು ಜಾಸ್ತಿ, ಅಲ್ವಾ?

ನಾನು ಮಾಡುವುದು ಮೂರನೆಯದನ್ನೇ. ಅರ್ಧ ಕಪ್ ಹಿಟ್ಟಿಗೆ ಒಂದು ಕಪ್ ಹಾಲು. ಅಂಗಡಿಯ ಬಿಳಿ ಕಾರ್ನ್‌ಫ್ಲೋರ್ ನಡೆಯುವುದಿಲ್ಲ, ರವೆಯಂತೆ ತರಿತರಿಯಾಗಿರುವ ಹಳದಿ ಹಿಟ್ಟು ಬೇಕು. ಹಾಲು ತಣ್ಣಗಿರುವಾಗಲೇ ಕಲಸಿದರೆ ಗಂಟಾಗುವುದಿಲ್ಲ. ಕಾಕಂಬಿ ಎರಡು ಚಮಚ. ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ, ಸಣ್ಣ ಉರಿಯಲ್ಲಿ ಮೂರು ಗಂಟೆ ಹಬೆಯಲ್ಲಿ ಬೇಯಿಸುತ್ತೇನೆ. 12 ಗಂಟೆ ಗ್ಯಾಸ್ ಉರಿಸುವಷ್ಟು ಇತಿಹಾಸಪ್ರೇಮ ನನಗಿಲ್ಲ! ಬೆಂದದ್ದು ಕಡುಬಿನಂತೆ ಗಟ್ಟಿಯಾಗಿ ಬರುತ್ತದೆ. ಸಿಹಿಯ ಹಿಂದೆ ಕಾಕಂಬಿಯ ಕಹಿ ನಾಲಿಗೆಗೆ ತಗಲುತ್ತದೆ. ಆ ಕಾಕಂಬಿ ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡಿಗೆ ಬರುತ್ತಿದ್ದದ್ದು ಕೆರಿಬಿಯನ್ ದ್ವೀಪಗಳಿಂದ, ಗುಲಾಮರು ದುಡಿಯುತ್ತಿದ್ದ ಕಬ್ಬಿನ ತೋಟಗಳಿಂದ. ಬ್ರಿಟಿಷರು 1733ರಲ್ಲಿ ತಮ್ಮದಲ್ಲದ ದ್ವೀಪಗಳ ಕಾಕಂಬಿಯ ಮೇಲೆ ಸುಂಕ ಹಾಕಿದರು, 1764ರಲ್ಲಿ ವಸೂಲಿ ಬಿಗಿ ಮಾಡಿದರು. ಬ್ರಿಟಿಷರ ಮೇಲೆ ಅಮೆರಿಕದ ವಸಾಹತಿನವರಿಗೆ ಬಂದ ಸಿಟ್ಟಿಗೆ ಟೀ ಮೇಲಿನ ಸುಂಕ ಒಂದೇ ಕಾರಣವಲ್ಲ.

ಮೊಟ್ಟೆಯ ಲೆಕ್ಕ ಸಾಲದೇ ಹೋದದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆಗೆ ಬಂದಾಗ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಸಾರಾ ರಟ್ಲೆಜ್ ತಮ್ಮ ಹೆಸರು ಹಾಕದೆ 1847ರಲ್ಲಿ 'ದಿ ಕೆರೊಲಿನಾ ಹೌಸ್‌ವೈಫ್' ಪ್ರಕಟಿಸಿದರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಎಡ್ವರ್ಡ್ ರಟ್ಲೆಜ್ ಅವರ ಮಗಳು. ಅದರಲ್ಲಿ ಹಾಪಿನ್ ಜಾನ್ ಇದೆ: ಅಲಸಂದೆ, ಅಕ್ಕಿ, ಬೇಕನ್ (ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿ ಮಾಂಸ). ಅಕ್ಕಿ ತೊಳೆದು ಕಲ್ಲು ತೆಗೆಯಬೇಕು ಅನ್ನುತ್ತದೆ ರೆಸಿಪಿ. ಓದಿದಾಗ ನನಗೆ ಅಜ್ಜಿ ಅಕ್ಕಿ ಗಾಳಿಸುತ್ತಿದ್ದದ್ದು ನೆನಪಾಯಿತು. ಆದರೆ ಅಂಥ ಶ್ರೀಮಂತರ ಮನೆಗಳಲ್ಲಿ ಆ ಕೆಲಸ ಮಾಡುತ್ತಿದ್ದವರು ಗುಲಾಮ ಹೆಂಗಸರು. ಬರೆದವರ ಕೈ ಬೇರೆ, ಬೇಯಿಸಿದವರ ಕೈ ಬೇರೆ. ಅಲಸಂದೆಯ ತವರು ಆಫ್ರಿಕಾ. ಭತ್ತ ಬೆಳೆದು ಗೊತ್ತಿದ್ದ ಪಶ್ಚಿಮ ಆಫ್ರಿಕಾದ ಜನರನ್ನು ತೋಟದ ಮಾಲೀಕರು ಬೇಕೆಂದೇ ಹುಡುಕಿ ಕೊಳ್ಳುತ್ತಿದ್ದರು. ಚಾರ್ಲ್ಸ್‌ಟನ್‌ನ ಸಿರಿ ನಿಂತದ್ದು ಆ ಗದ್ದೆಗಳ ಮೇಲೆ.

ಬೇಕನ್ ಬಿಟ್ಟೇ ಮಾಡುತ್ತೇನೆ. ಹೊಗೆಯ ವಾಸನೆಗೆ ಸ್ಮೋಕ್ಡ್ ಪಾಪ್ರಿಕಾ, ಅಂದರೆ ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನಕಾಯಿ ಪುಡಿ, ಹಾಕುತ್ತೇನೆ. ಅದು ಮೂಲದ ರುಚಿ ಅಂತ ಸುಳ್ಳು ಹೇಳಲಾರೆ. ಅಲಸಂದೆ ಮೆತ್ತಗಾಗಬೇಕು, ಒಡೆಯಬಾರದು. ಆ ಕಂದು ನೀರಲ್ಲೇ ಅಕ್ಕಿ ಬೇಯಿಸಿ, ಆಮೇಲೆ ಉರಿ ತೆಗೆದು, ಮುಚ್ಚಿ ಹಬೆಯಲ್ಲಿ ಬಿಡಬೇಕು. ಕೆರೊಲಿನಾದವರಿಗೆ ಅನ್ನ ಉದುರುದುರಾಗಿರಬೇಕು. ಕುಕ್ಕರ್‌ನಲ್ಲಿ ಮಾಡಿದರೆ ಹುಗ್ಗಿಯಾಗುತ್ತದೆ, ಬೇಡ.

ಮೊಟ್ಟೆಯೇ ಇಲ್ಲದ ಕೇಕ್ ನನಗೆ ಸಿಕ್ಕಿದ್ದು ಮೊದಲ ಮಹಾಯುದ್ಧದ ಕಾಲದ ಪುಸ್ತಿಕೆಗಳಲ್ಲಿ. 1917ರಲ್ಲಿ ಹರ್ಬರ್ಟ್ ಹೂವರ್ ನೇತೃತ್ವದ ಆಹಾರ ಇಲಾಖೆ ಗೋಧಿ, ಮಾಂಸ, ಸಕ್ಕರೆ, ಕೊಬ್ಬು ಉಳಿಸಿ ಅಂತ ಜನರನ್ನು ಕೇಳಿಕೊಂಡಿತು. ಉಳಿದದ್ದು ಯುರೋಪಿಗೆ, ಸೈನಿಕರಿಗೆ. ಆಗಿನ ವಾರ್ ಕೇಕ್‌ಗೆ ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಬೇಡ. ಒಣದ್ರಾಕ್ಷಿ, ನೀರು, ಕಂದು ಸಕ್ಕರೆ, ಚಕ್ಕೆ, ಲವಂಗ ಮತ್ತು ಕೊಬ್ಬನ್ನು ಒಟ್ಟಿಗೆ ಕುದಿಸುತ್ತಾರೆ. ಹಂದಿ ಕೊಬ್ಬಿನ ಬದಲು ನಾನು ಎಣ್ಣೆ ಹಾಕುತ್ತೇನೆ. ಕುದಿಸಿದ್ದು ಪೂರ್ತಿ ಆರಿದ ಮೇಲೇ ಮೈದಾ, ಅಡುಗೆ ಸೋಡಾ ಸೇರಿಸಿ. ಬಿಸಿಯಲ್ಲಿ ಹಾಕಿದರೆ ಸೋಡಾದ ಶಕ್ತಿ ಪಾತ್ರೆಯಲ್ಲೇ ಖರ್ಚಾಗಿ, ಓವನ್‌ನಲ್ಲಿ ಕೇಕ್ ಉಬ್ಬುವುದಿಲ್ಲ. ಮಾಡಿದ ದಿನಕ್ಕಿಂತ ಮಾರನೆಯ ದಿನ ರುಚಿ ಜಾಸ್ತಿ.

ಇಂಥ ಹಳೆಯ ಪುಸ್ತಕಗಳು ಬೇಕಿದ್ದರೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ 'ಫೀಡಿಂಗ್ ಅಮೆರಿಕ' ಸಂಗ್ರಹದಲ್ಲಿ ಹುಡುಕಿ. ಸಿಮನ್ಸ್ ಅವರ ಪುಸ್ತಕವೂ ಅಲ್ಲಿದೆ.