ಮಕ್ಕಳೊಡನೆ ಕಾಲ್ಪನಿಕ ಡೈನೋಸಾರ್‌ಗಳಿಗೆ ಬಣ್ಣ ತುಂಬುವ ಬಗೆ

ಡೈನೋಸಾರ್‌ನಂಥ ಕಾಲ್ಪನಿಕ ಪ್ರಾಣಿಯ ಚಿತ್ರಕ್ಕೆ ಬಣ್ಣ ತುಂಬಲು ಮಗು ಕುಳಿತಾಗ, ದೊಡ್ಡವರ ಕೈ ತಾನಾಗಿಯೇ ಹಸಿರು ಇಲ್ಲವೇ ಬೂದು ಬಳಪದ ಕಡೆಗೆ ಹೋಗುತ್ತದೆ. ಆ ಬಳಪವನ್ನು ಎತ್ತಿಕೊಡುವ ಮೊದಲು, ಈ ಪ್ರಾಣಿ ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾರಿಗೆ ಹೆದರುತ್ತದೆ ಎಂದು ಮಗುವನ್ನೇ ಕೇಳಬೇಕು. ಮಧುಗಿರಿಯ ಏಕಶಿಲಾ ಬೆಟ್ಟದ ಬಿರುಕಿನಲ್ಲಿ ಅಡಗುವ ಪ್ರಾಣಿಗೂ ಕೋಲಾರದ ಕಡೆಯ ಕೆರೆಯ ಜೊಂಡಿನಲ್ಲಿ ಮಲಗುವ ಪ್ರಾಣಿಗೂ ಒಂದೇ ಬಣ್ಣ ಒಪ್ಪುವುದಿಲ್ಲವೆಂಬುದು ಆಗ ಮಗುವಿಗೇ ಹೊಳೆಯುತ್ತದೆ.

ಡೈನೋಸಾರ್‌ಗೆ ಪಟ್ಟೆ ಎಲ್ಲಿರುತ್ತದೆ ಎಂದು ಮಗುವನ್ನು ತಡೆಯಲು ಕಾರಣವಿಲ್ಲ. ಹಕ್ಕಿಗಳ ವಂಶವೊಂದನ್ನು ಬಿಟ್ಟು ಉಳಿದ ಡೈನೋಸಾರ್‌ಗಳೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದವು. ಅವುಗಳಲ್ಲಿ ಹೆಚ್ಚಿನವುಗಳ ಬಣ್ಣ ಯಾರಿಗೂ ತಿಳಿದಿಲ್ಲ. ಚೀನಾದಲ್ಲಿ ಸಿಕ್ಕ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್‌ನ ಪಳೆಯುಳಿಕೆಯಲ್ಲಿ ಉಳಿದಿದ್ದ ವರ್ಣಕಣಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದರ ಬಾಲದಲ್ಲಿ ಕೆಂಗಂದು ಮತ್ತು ಬಿಳಿ ಪಟ್ಟೆಗಳಿದ್ದವೆಂದು 2010ರಲ್ಲಿ ತಿಳಿಸಿದರು.

ಮಾದರಿಗೆ ದೂರ ಹೋಗಬೇಕಾಗಿಲ್ಲ. ನಂದಿ ಬೆಟ್ಟದಂಥ ಕಡೆ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಓತಿಕೇತಗಳಲ್ಲಿ, ಸಂತಾನದ ಕಾಲ ಬಂದಾಗ ಗಂಡಿನ ಬೆನ್ನು ಕೆಂಪೇರಿ ಪಕ್ಕಗಳು ಕಪ್ಪಾಗುತ್ತವೆ. ಹೆಣ್ಣು ಮಾತ್ರ ಕಲ್ಲಿನ ಬಣ್ಣದಲ್ಲೇ ಉಳಿದು ಕಣ್ಣಿಗೆ ಬೀಳದಂತೆ ಇರುತ್ತದೆ. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶಕ್ಕೆ ಮಕ್ಕಳನ್ನು ಕರೆದೊಯ್ದರೆ, ಹೆಣ್ಣು ಕೃಷ್ಣಮೃಗದ ಬೆನ್ನು ತಿಳಿಗಂದು, ಹೊಟ್ಟೆ ಬಿಳಿ ಎಂಬುದನ್ನು ತೋರಿಸಿ. ಬಿಸಿಲು ಬೆನ್ನನ್ನು ಬೆಳಗಿ ಹೊಟ್ಟೆಯನ್ನು ನೆರಳಿನಲ್ಲಿಡುವುದರಿಂದ, ಮೇಲೆ ಗಾಢವಾಗಿ ಕೆಳಗೆ ತಿಳಿಯಾಗಿರುವ ಮೈ ಸುತ್ತಲಿನ ಬಯಲಿನಲ್ಲಿ ಬೆರೆತುಹೋಗುತ್ತದೆ. ಬೇಟೆಗಾರ ಪ್ರಾಣಿಗೆ ಹೆದರುವ ಡೈನೋಸಾರ್‌ಗೆ ಇದೇ ಕ್ರಮ ಸರಿಹೊಂದುತ್ತದೆ.

ಮೂರು ನಾಲ್ಕು ವರ್ಷದ ಮಕ್ಕಳಿಗೆ ದಪ್ಪ ಮೇಣದ ಬಳಪ ಸಾಕು. ದೊಡ್ಡವರಾದ ಮೇಲೆ ಬಣ್ಣದ ಪೆನ್ಸಿಲ್ ಕೊಡಬಹುದು. ಮೊದಲು ಮೈಗೆಲ್ಲ ತಿಳಿ ಬಣ್ಣವನ್ನು ಹಗುರವಾಗಿ ಹಚ್ಚಿಸಿ, ಆಮೇಲೆ ಬೆನ್ನು, ಕತ್ತಿನ ಬುಡ, ತೊಡೆಯ ಮಡಿಕೆಗಳಲ್ಲಿ ಗಾಢ ಬಣ್ಣವನ್ನು ಪದರ ಪದರವಾಗಿ ಸೇರಿಸಬೇಕು. ಗಾಢ ಬಣ್ಣ ಮೊದಲು ಬಿದ್ದರೆ ಅದರ ಮೇಲೆ ಹಳದಿ ಹತ್ತುವುದಿಲ್ಲ, ಹತ್ತಿದರೂ ಕೊಳಕಾಗಿ ಕಾಣುತ್ತದೆ. ಸ್ಕೆಚ್ ಪೆನ್ನನ್ನು ಕಣ್ಣು, ಉಗುರು ಮತ್ತು ಹಲ್ಲಿನ ಅಂಚಿಗಷ್ಟೇ, ಅದೂ ಕೊನೆಯಲ್ಲಿ ಬಳಸಿದರೆ ಸಾಕು.

ಚರ್ಮದ ಒರಟುತನಕ್ಕೆ ನಮ್ಮ ಸೀಮೆಯ ಗ್ರಾನೈಟ್ ಕಲ್ಲೇ ಅತ್ಯುತ್ತಮ ಸಾಧನವೆಂದು ನನ್ನ ದೃಢವಾದ ಅಭಿಪ್ರಾಯ. ಉಳಿಯ ಪೆಟ್ಟಿನ ಗುರುತಿರುವ ಹಾಸುಗಲ್ಲನ್ನೋ ಜಗಲಿಕಲ್ಲನ್ನೋ ಒರೆಸಿ, ಅದರ ಮೇಲೆ ತೆಳುವಾದ ಹಾಳೆ ಹಾಸಿ, ಸುತ್ತಿದ ಕಾಗದ ತೆಗೆದ ಬಳಪವನ್ನು ಅಡ್ಡ ಮಲಗಿಸಿ ಒಂದೇ ಒತ್ತಡದಲ್ಲಿ ಉಜ್ಜಿಸಿ. ಕಲ್ಲಿನ ಉಬ್ಬುಗಳು ಮಾತ್ರ ಬಣ್ಣ ಹಿಡಿದು, ತಗ್ಗುಗಳು ಬಿಳಿಯಾಗಿಯೇ ಉಳಿದು, ಹಾಳೆಯ ತುಂಬ ಹುರುಪೆಯಂಥ ಚುಕ್ಕೆಗಳು ಮೂಡುತ್ತವೆ. ಹಾಳೆ ಜಾರಿದರೆ ಚುಕ್ಕೆಗಳು ಕಲಸಿಹೋಗುವುದರಿಂದ ನೀವು ಅದರ ಎರಡು ಮೂಲೆಗಳನ್ನು ಒತ್ತಿ ಹಿಡಿದಿರಬೇಕು. ಡ್ರಾಯಿಂಗ್ ಶೀಟ್ ದಪ್ಪವಾಗಿರುವುದರಿಂದ ಈ ಕೆಲಸಕ್ಕೆ ನೋಟ್‌ಬುಕ್ಕಿನ ಹಾಳೆಯೇ ವಾಸಿ. ಪಾಲಿಶ್ ಮಾಡಿದ ಕಲ್ಲಿನಲ್ಲಿ ಏನೂ ಮೂಡುವುದಿಲ್ಲ, ಆದರೆ ಗೋಣಿಚೀಲದ ಮೇಲೆ ಉಜ್ಜಿದರೆ ಚೌಕುಳಿ ಚರ್ಮ ಸಿಗುತ್ತದೆ. ಹೀಗೆ ಮಾಡಿದ ಹಾಳೆಯನ್ನು ಪ್ರಾಣಿಯ ಆಕಾರಕ್ಕೆ ಕತ್ತರಿಸಿ ಚಿತ್ರದ ಮೇಲೆ ಅಂಟಿಸಬಹುದು.

ಮಗು ಗೆರೆ ದಾಟಿದರೂ ಅದರ ಕೈ ಹಿಡಿದು ತಿದ್ದಬೇಡಿ. ಹೊರಗೆ ಹೋದ ಬಣ್ಣವನ್ನು ಮುಳ್ಳಾಗಿಯೋ ಗರಿಯಾಗಿಯೋ ಬೆಳೆಸಲು ಅದಕ್ಕೇ ಬಿಡಿ. ಮುಗಿದ ಮೇಲೆ ಹಾಳೆಯ ಹಿಂಬದಿಯಲ್ಲಿ ಪ್ರಾಣಿಯ ಹೆಸರು, ಊರು, ಆಹಾರವನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳಿ. ಮೇಣದ ಬಣ್ಣ ಒಂದಕ್ಕೊಂದು ಅಂಟುವುದರಿಂದ ಹಾಳೆಗಳ ನಡುವೆ ಬಿಳಿ ಕಾಗದವಿಟ್ಟು, ಬಿಸಿಲು ತಾಗದ ಕಡೆ ಎತ್ತಿಡಬೇಕು.