ಬಾಡಿಗೆ ಬಸ್ಸಿನಲ್ಲಿ ಮದ್ಯ: ಮುಚ್ಚಳ ತೆರೆಯುವ ಮೊದಲು ತಿಳಿದಿರಬೇಕಾದದ್ದು

ತಂಡಕ್ಕೆಂದು ಇಡೀ ಬಸ್ಸನ್ನೇ ಬಾಡಿಗೆಗೆ ಹಿಡಿದ ಮೇಲೆ ಅದು ನಮ್ಮ ಮನೆಯ ಜಗಲಿಯಂತೆ ಕಾಣತೊಡಗುವುದು ಸಹಜ. ಒಳಗಿರುವವರೆಲ್ಲ ನಮ್ಮವರು, ಹಾಡು ನಮ್ಮದು, ಎಲ್ಲಿ ನಿಲ್ಲಿಸಬೇಕೆಂಬ ಆಯ್ಕೆಯೂ ನಮ್ಮದು. ಹಾಗಿರುವಾಗ ಹಿಂದಿನ ಸೀಟಿನಲ್ಲಿ ಕುಳಿತು ಎರಡು ಗುಟುಕು ಹಾಕಿದರೆ ಯಾರ ಗಂಟೇನು ಹೋಗುತ್ತದೆ ಎಂದು ಕೇಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಆದರೆ ಬಾಡಿಗೆ ಕೊಟ್ಟು ನಾವು ಪಡೆದಿರುವುದು ವಾಹನದ ಬಳಕೆಯನ್ನು ಮಾತ್ರ. ರಸ್ತೆ ಸಾರ್ವಜನಿಕರದು, ವಾಹನ ಮಾಲೀಕರದು, ಅದನ್ನು ನಡೆಸುವ ಹೊಣೆ ಚಾಲಕರದು. ಆದ್ದರಿಂದ ಕುಡಿಯಬಹುದೇ ಎಂಬ ಪ್ರಶ್ನೆಯನ್ನು ನಾಲ್ಕು ಕಡೆ, ಅದೂ ಇದೇ ಕ್ರಮದಲ್ಲಿ, ಕೇಳಬೇಕಾಗುತ್ತದೆ: ಮೊದಲು ದಾರಿಯುದ್ದದ ಕಾನೂನು, ಆಮೇಲೆ ಮಾಲೀಕರ ಷರತ್ತು, ಆಮೇಲೆ ಚಾಲಕರ ಮಾತು, ಕೊನೆಗೆ ತಂಡದ ಒಪ್ಪಿಗೆ. ಮೊದಲು ಬರುವವರು ಬೇಡವೆಂದದ್ದನ್ನು ಆಮೇಲೆ ಬರುವವರು ಆಗಲಿ ಎಂದು ತಿದ್ದುವಂತಿಲ್ಲ.

ಕಾನೂನಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ನಿಯಮಗಳಿರುವುದು ಕುಡಿದು ಓಡಿಸುವವರಿಗೆ ಮಾತ್ರ, ಕುಳಿತು ಹೋಗುವವರಿಗೆ ಅವುಗಳ ಗೊಡವೆಯಿಲ್ಲ ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ 1998ರ ಒಕ್ಕೂಟ ಕಾನೂನು, ರಸ್ತೆಯ ಮೇಲಿರುವ ವಾಹನದೊಳಗೆ ಮುಚ್ಚಳ ತೆರೆದ ಮದ್ಯ ಇರುವುದನ್ನೇ ನಿಷೇಧಿಸುವಂತೆ ರಾಜ್ಯಗಳ ಮೇಲೆ ಒತ್ತಡ ತಂದಿತು. ಜೊತೆಗೆ, ಬಾಡಿಗೆ ಪಡೆದು ಜನರನ್ನು ಸಾಗಿಸುವ ಬಸ್ಸುಗಳ ಪ್ರಯಾಣಿಕರಿಗೆ ವಿನಾಯಿತಿ ಕೊಡುವ ಅವಕಾಶವನ್ನೂ ಉಳಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1985ರ ಕಾಯ್ದೆಯ ಪ್ರಕಾರ, ಗೊತ್ತುಪಡಿಸಿದ ಫುಟ್‌ಬಾಲ್ ಪಂದ್ಯಗಳಿಗೆ ಜನರನ್ನು ಕರೆದೊಯ್ಯುವ ಬಸ್ಸಿನಲ್ಲಿ ಮದ್ಯ ಸಾಗಿಸುವುದೇ ಅಪರಾಧ. ಅಲ್ಲಿ ಬಾಟಲಿ ಹಿಡಿದವನ ಜೊತೆಗೆ, ಗೊತ್ತಿದ್ದೂ ಅದಕ್ಕೆ ಅವಕಾಶ ಕೊಟ್ಟ ಬಸ್ಸಿನವರೂ, ಬಸ್ಸನ್ನು ಬಾಡಿಗೆಗೆ ಪಡೆದ ವ್ಯಕ್ತಿಯೂ ತಪ್ಪಿತಸ್ಥರಾಗುತ್ತಾರೆ. ಪ್ರವಾಸದ ಹೊಣೆ ಹೊರಲು ಒಪ್ಪಿದವರು ಈ ಮಾತನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರೇ ದಾಖಲೆಯಲ್ಲಿರುತ್ತದೆ.

ಹೊರಡುವ ಊರಿನ ಕಾನೂನು ತಿಳಿದರೆ ಸಾಲದು, ದಾರಿಯಲ್ಲಿ ದಾಟುವ ಪ್ರತಿ ಗಡಿಯ ಆಚೆಗಿನದೂ ತಿಳಿದಿರಬೇಕು. ಭಾರತದಲ್ಲಿ ಬಿಹಾರದೊಳಗೆ 2016ರ ಏಪ್ರಿಲ್‌ನಿಂದ ಪೂರ್ಣ ಪಾನನಿಷೇಧವಿದೆ. ಅಲ್ಲಿ ಸೀಲು ಒಡೆಯದ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಹಾದುಹೋಗುವುದೂ ಅಪರಾಧ, ಮದ್ಯ ಸಾಗಿಸಿದ ವಾಹನವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಗುಜರಾತಿನಲ್ಲಿ ಪರವಾನಗಿ ಇಲ್ಲದೆ ಮದ್ಯ ಇಟ್ಟುಕೊಳ್ಳುವಂತಿಲ್ಲ. ಒಬ್ಬ ಪ್ರಯಾಣಿಕನ ಚೀಲದಲ್ಲಿದ್ದ ಒಂದು ಬಾಟಲಿಗಾಗಿ ಬಸ್ಸೇ ಠಾಣೆಯ ಅಂಗಳದಲ್ಲಿ ನಿಂತರೆ ಉಳಿದವರೆಲ್ಲ ಬೀದಿಯಲ್ಲಿ ಉಳಿಯುತ್ತಾರೆ. ಹಾಗಾಗಿ ದಾರಿಯ ನಕ್ಷೆ ಮಾಡುವಾಗಲೇ ಹಾದುಹೋಗುವ ರಾಜ್ಯಗಳನ್ನೋ ದೇಶಗಳನ್ನೋ ಒಂದೊಂದಾಗಿ ಬರೆದು, ಪ್ರತಿಯೊಂದರ ಎದುರಿಗೂ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿರಿ: ಸೀಲಾದ ಬಾಟಲಿ ಸಾಗಿಸಬಹುದೇ, ತೆರೆದ ಬಾಟಲಿ ಇರಬಹುದೇ, ಓಡುವ ಬಸ್ಸಿನಲ್ಲಿ ಕುಡಿಯಬಹುದೇ? ಒಂದಕ್ಕೆ ಹೌದೆಂಬ ಉತ್ತರ ಸಿಕ್ಕಿತೆಂದು ಉಳಿದೆರಡಕ್ಕೂ ಹೌದೆಂದು ತಿಳಿಯಬಾರದು.

ಹಂಚಿಕೊಳ್ಳುವುದಕ್ಕೂ ಮಾರುವುದಕ್ಕೂ ಇರುವ ಅಂತರವೂ ಇಲ್ಲೇ ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2003ರ ಪರವಾನಗಿ ಕಾಯ್ದೆಯಲ್ಲಿ, ನಿಂತಿರದ ವಾಹನದಲ್ಲಿ ಮದ್ಯವನ್ನು ಚಿಲ್ಲರೆಯಾಗಿ ಮಾರುವುದು ಅಪರಾಧ. ಪ್ರತಿಯೊಬ್ಬರೂ ತಮ್ಮದನ್ನು ತಾವೇ ತರುವುದು ಎಲ್ಲಕ್ಕಿಂತ ಸರಳವಾದ ಏರ್ಪಾಡು. ಒಬ್ಬರೇ ಪೆಟ್ಟಿಗೆಗಟ್ಟಲೆ ತಂದು, ಗ್ಲಾಸಿಗೆ ಇಷ್ಟೆಂದು ಬಸ್ಸಿನಲ್ಲಿ ವಸೂಲಿಗೆ ನಿಂತರೆ, ಅವರ ಮನಸ್ಸಿನಲ್ಲಿ ಲಾಭದ ಆಸೆ ಇರಲಿ ಬಿಡಲಿ, ನೋಡುವವರ ಕಣ್ಣಿಗೆ ಅದು ಅಂಗಡಿಯೇ.

ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಾನು ಹೊಣೆ ಹೊತ್ತಿದ್ದ ಒಂದು ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವಾಗ ಫೋನಿನಲ್ಲಿ ಕೇಳಿದ್ದಕ್ಕೆ, ‘ಅಯ್ಯೋ, ಅದಕ್ಕೇನು ಸಾರ್, ಗಲೀಜು ಮಾಡದಿದ್ದರೆ ಆಯಿತು’ ಎಂಬ ಉತ್ತರ ಬಂದಿತ್ತು. ಹೊರಟು ಅರ್ಧ ಗಂಟೆಯಾಗುವಷ್ಟರಲ್ಲಿ ಹಿಂದಿನಿಂದ ಕ್ಯಾನು ತೆರೆದ ಸದ್ದು ಕೇಳಿಸಿತು; ಚಾಲಕರು ಬಸ್ಸನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದರು. ಅವರ ಕೈಯಲ್ಲಿದ್ದ ಬಾಡಿಗೆ ಚೀಟಿಯಲ್ಲಿ ‘ಮದ್ಯಪಾನಕ್ಕೆ ಅವಕಾಶವಿಲ್ಲ’ ಎಂಬ ಸಾಲು ಅಚ್ಚಾಗಿತ್ತು, ಕೆಳಗೆ ನನ್ನದೇ ಸಹಿ ಇತ್ತು. ಮುಕ್ಕಾಲು ಗಂಟೆ ವಾದ ನಡೆಯಿತು. ತಪ್ಪು ಚಾಲಕರದಾಗಿರಲಿಲ್ಲ.

ಕೇಳಬೇಕಾದದ್ದು ಕೇವಲ ‘ಕುಡಿಯಬಹುದೇ’ ಎಂದಲ್ಲ. ಗಾಜಿನ ಬಾಟಲಿಗೆ ಅನುಮತಿ ಇದೆಯೇ, ಸ್ವಚ್ಛತೆಗೆಂದು ಪ್ರತ್ಯೇಕ ಠೇವಣಿ ಇಡಬೇಕೇ, ಯಾರಾದರೂ ವಾಂತಿ ಮಾಡಿದರೆ ಎಷ್ಟು ಹಿಡಿದುಕೊಳ್ಳುತ್ತಾರೆ, ಅಮಲೇರಿದವರನ್ನು ಹತ್ತಿಸಿಕೊಳ್ಳದಿರುವ ಹಕ್ಕು ಚಾಲಕರಿಗಿದೆಯೇ, ಪ್ರವಾಸ ನಡುವೆಯೇ ನಿಂತರೆ ಬಾಡಿಗೆ ಹಣ ವಾಪಸು ಬರುತ್ತದೆಯೇ, ಅಪಘಾತವಾದರೆ ಕುಡಿದಿದ್ದ ಪ್ರಯಾಣಿಕರ ಬಗ್ಗೆ ವಿಮೆ ಏನು ಹೇಳುತ್ತದೆ ಎಂಬುದೆಲ್ಲ ಒಪ್ಪಂದದಲ್ಲೇ ಬರಬೇಕು. ಮುಂಗಡ ಕೊಡುವ ಮೊದಲು ಕೇಳಿದರೆ ಮಾಲೀಕರು ಸಮಾಧಾನದಿಂದ ಉತ್ತರಿಸುತ್ತಾರೆ. ಕೊಟ್ಟ ಮೇಲೆ ಕೇಳಿದರೆ ಆ ತಾಳ್ಮೆ ಅರ್ಧಕ್ಕೆ ಇಳಿದಿರುತ್ತದೆ.

ಇನ್ನು ಚಾಲಕರ ವಿಷಯ. ಅವರಿಗೆ ಒಂದು ಹನಿಯನ್ನೂ ಕೊಡಬಾರದು, ಪ್ರೀತಿಯಿಂದಲೂ ಕೊಡಬಾರದು, ರಾತ್ರಿ ತಂಗುವ ಕಡೆಯೂ ಕೊಡಬಾರದು. ಭಾರತದ ಮೋಟಾರು ವಾಹನ ಕಾಯ್ದೆಯ 185ನೇ ವಿಧಿಯಲ್ಲಿ ಚಾಲಕರಿಗಿರುವ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ. 188ನೇ ವಿಧಿಯ ಪ್ರಕಾರ ಆ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಅಮೆರಿಕದಲ್ಲಿ ಬಸ್ಸಿನ ಚಾಲಕರು ಕೆಲಸಕ್ಕೆ ಇಳಿಯುವ ಮೊದಲಿನ 4 ಗಂಟೆಗಳಲ್ಲಿ ಮದ್ಯ ಮುಟ್ಟುವಂತಿಲ್ಲ. ಆದರೆ ಗಡಿಯಾರದ ಲೆಕ್ಕವೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. 100 ಮಿಲಿಲೀಟರ್ ರಕ್ತದಲ್ಲಿನ ಮದ್ಯಸಾರ ಸರಾಸರಿ ಗಂಟೆಗೆ 15 ಮಿಲಿಗ್ರಾಂನಷ್ಟು ಇಳಿಯುತ್ತದೆ ಎಂದು ಹಿಡಿದರೆ, ನಡುರಾತ್ರಿಗೆ 150 ಮಿಲಿಗ್ರಾಂ ಇದ್ದವರಿಗೆ ಬೆಳಿಗ್ಗೆ 8 ಗಂಟೆಗೂ 30 ಉಳಿದಿರುತ್ತದೆ. ಸ್ನಾನ ಮಾಡಿ, ಕಾಫಿ ಕುಡಿದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು ಕುಳಿತವರನ್ನು ನೋಡಿದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ರಾತ್ರಿ ತಂಗುವಲ್ಲಿ ಚಾಲಕರಿಗೂ ಸಹಾಯಕರಿಗೂ ಗದ್ದಲದಿಂದ ದೂರದ ಕೋಣೆಯೊಂದನ್ನು ಮೊದಲೇ ಗೊತ್ತುಮಾಡಿಡಿ. ಅವರ ನಿದ್ರೆಯೂ ಬಸ್ಸಿನ ಸುರಕ್ಷತೆಯ ಭಾಗವೇ.

ಬಸ್ಸಿನೊಳಗೆ ಗಾಜನ್ನು ತರಬಾರದೆಂಬುದು ನನ್ನ ಹಟ. ನಿಯಮಪುಸ್ತಕ ಓದಿ ಹುಟ್ಟಿದ ಹಟವಲ್ಲ ಇದು. ಒಮ್ಮೆ ಇಳಿಜಾರಿನ ದಾರಿಯಲ್ಲಿ ಯಾರೋ ಸೀಟಿನ ಕೆಳಗೆ ಬಿಟ್ಟ ಖಾಲಿ ಬಾಟಲಿಯೊಂದು ಉರುಳಲು ಶುರುವಾಯಿತು. ತಿರುವಿಗೊಮ್ಮೆ ಎಡಕ್ಕೆ, ತಿರುವಿಗೊಮ್ಮೆ ಬಲಕ್ಕೆ, ಸೀಟಿನ ಕಾಲುಗಳಿಗೆ ಟಣ್ ಎಂದು ಬಡಿಯುತ್ತ, ನಡುದಾರಿಗೆ ಬಂದು, ಅಲ್ಲಿಂದ ನೇರವಾಗಿ ಮುಂದಕ್ಕೆ ಸಾಗಿತು. ಮೊದಲ ಸಾಲಿನಲ್ಲಿ ಕುಳಿತಿದ್ದ ಸಹಾಯಕ ಹುಡುಗ ಚಪ್ಪಲಿಯ ಕಾಲಿನಿಂದ ಅದನ್ನು ತಡೆದಾಗ ಅದು ಚಾಲಕರ ಪಾದದಿಂದ ಒಂದು ಗೇಣು ದೂರದಲ್ಲಿತ್ತು. ಬ್ರೇಕಿನ ಪೆಡಲಿನ ಕೆಳಗೆ ಹೊಕ್ಕಿದ್ದರೆ ಏನಾಗುತ್ತಿತ್ತೆಂದು ಅವತ್ತು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕ್ಯಾನು ಅಥವಾ ಪ್ಲಾಸ್ಟಿಕ್ ಬಾಟಲಿಯಾದರೂ ಖಾಲಿಯಾದ ಕೂಡಲೇ ಹಿಂಬದಿಯಲ್ಲಿ ಗಟ್ಟಿಯಾಗಿ ಕಟ್ಟಿದ ಚೀಲಕ್ಕೆ ಹೋಗಬೇಕು. ತಲೆಯ ಮೇಲಿನ ರ್ಯಾಕಿನಲ್ಲಿ ತುಂಬಿದ ಬಾಟಲಿ ಇಡುವುದಂತೂ ಬೇಡವೇ ಬೇಡ. ಕಾಯ್ದಿರಿಸಿದ ಬಾಟಲಿಗಳೆಲ್ಲ ಡಿಕ್ಕಿಯಲ್ಲಿರಲಿ. ಕೈಗೆ ದೂರವಾದಷ್ಟೂ ಕುಡಿತದ ವೇಗವೂ ತಗ್ಗುತ್ತದೆ.

ಎಷ್ಟು ಕುಡಿಯಬಹುದೆಂಬ ಮಿತಿಯನ್ನು ಬಾಟಲಿಯ ಲೆಕ್ಕದಲ್ಲಿ ಹೇಳದೆ ಮದ್ಯಸಾರದ ಲೆಕ್ಕದಲ್ಲಿ ಹೇಳುವುದು ನ್ಯಾಯ. ಶೇಕಡಾ 5ರ ಬಿಯರಿನ 330 ಮಿಲಿಲೀಟರ್ ಕ್ಯಾನಿನಲ್ಲಿ ಸುಮಾರು 13 ಗ್ರಾಂ ಮದ್ಯಸಾರವಿದ್ದರೆ, ಶೇಕಡಾ 42.8ರ ವಿಸ್ಕಿ ಅಥವಾ ರಮ್ಮಿನ 60 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ದೇಹ ಗಂಟೆಗೆ ಕರಗಿಸಬಲ್ಲದ್ದು ಏಳೆಂಟು ಗ್ರಾಂ ಮಾತ್ರ. ಅಲುಗಾಡುವ ಬಸ್ಸಿನಲ್ಲಿ ಯಾರೂ ಅಳತೆಯ ಲೋಟ ಹಿಡಿದು ಸುರಿಯುವುದಿಲ್ಲವಾದ್ದರಿಂದ, ಬಸ್ಸಿನಲ್ಲಿ ಬಿಯರ್ ಸಾಕು, ಕಡಕ್ ಮದ್ಯ ತಲುಪಿದ ಮೇಲೆ ಎಂಬ ನಿಯಮ ಪಾಲಿಸಲು ಸುಲಭ.

ಬಸ್ಸಿನಲ್ಲಿ ಕುಡಿತ ಬೇಗ ತಲೆಗೇರಿದಂತೆ ಅನ್ನಿಸಲು ಕಾರಣ ನಮ್ಮ ಒಳಗಿವಿಯಲ್ಲಿದೆ. ತಲೆ ತಿರುಗಿದ್ದನ್ನು ಗುರುತಿಸುವ ಅರ್ಧವೃತ್ತ ನಾಳಗಳಲ್ಲಿ ದ್ರವವೂ ಅದರೊಳಗೆ ಬಾಗುವ ಲೋಳೆಯಂಥ ಪರದೆಯೂ ಇವೆ. ಸಾಮಾನ್ಯ ಸ್ಥಿತಿಯಲ್ಲಿ ಎರಡರ ಸಾಂದ್ರತೆಯೂ ಒಂದೇ. ಮದ್ಯಸಾರ ರಕ್ತದಿಂದ ಮೊದಲು ಪರದೆಗೆ ಸೇರಿ ಅದನ್ನು ಹಗುರ ಮಾಡುತ್ತದೆ, ಹಗುರವಾದ ಪರದೆ ತಲೆ ಅಲ್ಲಾಡದಿದ್ದರೂ ಬಾಗುತ್ತದೆ, ಮಿದುಳು ಅದನ್ನು ಸುತ್ತುವಿಕೆ ಎಂದೇ ಓದಿಕೊಳ್ಳುತ್ತದೆ. ಮದ್ಯಸಾರ ಇಳಿಯುವಾಗ ಪರದೆಯಿಂದಲೇ ಮೊದಲು ಹೊರಹೋಗುವುದರಿಂದ ಆಟ ಉಲ್ಟಾ ಆಗುತ್ತದೆ. ಮರುದಿನ ಬೆಳಿಗ್ಗೆ ಒಂದು ಗುಟುಕೂ ಹಾಕದವರು ವಾಪಸು ಬರುವಾಗ ವಾಂತಿ ಮಾಡುವುದಕ್ಕೆ ಅದೂ ಒಂದು ಕಾರಣ. ಇದರ ಮೇಲೆ ತಿರುವಿನ ದಾರಿಯೂ ಸೇರಿದರೆ ಹೇಳುವುದೇ ಬೇಡ. ಗಟ್ಟಿಯಾದ ವಾಂತಿ ಚೀಲಗಳು ಪ್ರತಿ ಸೀಟಿನ ಜೇಬಿನಲ್ಲೂ ಇರಲಿ, ಒಂದು ಕಟ್ಟು ಮುಂದಿನವರ ಬಳಿ ಇದ್ದರೆ ಸಾಲದು.

ಮೂತ್ರ ತಡೆಯುವ ಹಾರ್ಮೋನನ್ನು ಮದ್ಯಸಾರ ಅಡಗಿಸುವುದರಿಂದ ಕುಡಿದವರಿಗೆ ಪದೇಪದೇ ಇಳಿಯಬೇಕಾಗುತ್ತದೆ. ಎಲ್ಲೆಂದರಲ್ಲಿ ನಿಲ್ಲಿಸಿ ಎಂಬ ಕೂಗು ಏಳುವುದು ಆಗಲೇ, ಅಪಾಯವೂ ಅಲ್ಲೇ: ಕತ್ತಲಲ್ಲಿ, ಹೆದ್ದಾರಿಯ ಅಂಚಿನಲ್ಲಿ, ಅಮಲೇರಿದವನು ಆಚೆ ಬದಿಗೆ ದಾಟಲು ಹೊರಡುತ್ತಾನೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ಆದರೆ ಬಿಯರ್ ಕುಡಿಯುವ ತಂಡಕ್ಕೆ ಅಷ್ಟು ಹೊತ್ತು ಕಾಯಲಾಗದು. ಒಂದೂವರೆ ಗಂಟೆಗೊಮ್ಮೆ ಶೌಚಾಲಯವಿರುವ, ಬೆಳಕಿರುವ, ರಸ್ತೆ ದಾಟಬೇಕಿಲ್ಲದ ಜಾಗವನ್ನು ಮೊದಲೇ ಗುರುತಿಸಿ ಚಾಲಕರಿಗೆ ಕೊಡಿ. ಬಸ್ಸು ಮತ್ತೆ ಹೊರಡುವ ಮುನ್ನ ತಲೆ ಎಣಿಸಿ. ‘ಎಲ್ಲರೂ ಬಂದರಾ’ ಎಂದು ಕೂಗಿದರೆ ಬಾರದವರು ಉತ್ತರಿಸುವುದಿಲ್ಲ.

ಬಸ್ಸು ಓಡುತ್ತಿರುವಷ್ಟು ಹೊತ್ತೂ ಎಲ್ಲರೂ ಕುಳಿತಿರಬೇಕು, ಬೆಲ್ಟ್ ಇದ್ದರೆ ಕಟ್ಟಿರಬೇಕು; ಗ್ಲಾಸು ಹಿಡಿದು ನಡುದಾರಿಯಲ್ಲಿ ಕುಣಿಯುವವರಿಗೆ ಒಂದೇ ಒಂದು ಜೋರು ಬ್ರೇಕು ಸಾಕು. ಚಾಲಕರ ಹಿಂದಿನ ಎರಡು ಸಾಲುಗಳನ್ನು ಕುಡಿಯದವರಿಗೆ ಬಿಟ್ಟುಕೊಡಿ. ಕಾನೂನಿನ ವಯಸ್ಸಿಗೆ ಬಾರದವರೂ ಕುಟುಂಬದವರೂ ಜೊತೆಯಲ್ಲಿದ್ದರೆ, ನನ್ನ ಮಟ್ಟಿಗೆ, ಆ ಬಸ್ಸಿನಲ್ಲಿ ಕುಡಿತದ ಮಾತನ್ನೇ ಎತ್ತಬಾರದು.

ತಂಡದಲ್ಲಿ ಕನಿಷ್ಠ ಇಬ್ಬರು ಏನನ್ನೂ ಕುಡಿಯದೆ ಇರಬೇಕು, ಅವರ ಹೆಸರು ಹೊರಡುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಸಾಕು ಎಂದು ಹೇಳುವ ಅಧಿಕಾರ ಅವರದು. ಯಾರಾದರೂ ಮಿತಿಮೀರಿ ಕುಡಿದು ಮಲಗಿದರೆ ‘ನಿದ್ದೆ ಮಾಡಲಿ ಬಿಡಿ’ ಎಂದು ಬಿಟ್ಟುಬಿಡಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಇಳಿಯದಂತೆ ಮುಖವನ್ನು ತುಸು ಕೆಳಮುಖ ಮಾಡಿ, ಒಬ್ಬರು ಜೊತೆಯಲ್ಲೇ ಕುಳಿತಿರಬೇಕು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರುಗಳ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ, ತುಟಿ ನೀಲಿಗಟ್ಟಿದರೆ ಅದು ಆಸ್ಪತ್ರೆಯ ವಿಷಯ; ಪ್ರವಾಸದ ವೇಳಾಪಟ್ಟಿಯನ್ನು ಬದಿಗಿಟ್ಟು ಬಸ್ಸನ್ನು ಸುರಕ್ಷಿತವಾದ ಕಡೆ ನಿಲ್ಲಿಸಿ ಆಂಬುಲೆನ್ಸ್ ಕರೆಯಿರಿ.

ತಲುಪಿದ ಮೇಲೆ ಆ ಇಬ್ಬರೇ ಕೊನೆಗೆ ಇಳಿಯಲಿ. ಮೊಬೈಲಿನ ಬೆಳಕು ಹಿಡಿದು ಹಿಂದಿನ ಸಾಲಿನಿಂದ ಮುಂದಕ್ಕೆ ಪ್ರತಿ ಸೀಟಿನ ಕೆಳಗೂ ನೋಡಿ, ಚೀಲದ ಬಾಯಿ ಕಟ್ಟಿ ಕೆಳಗಿಳಿಸಿ, ನೆಲದ ಒಂದು ಫೋಟೋ ತೆಗೆದುಕೊಂಡು, ಚಾಲಕರ ಎದುರಿನಲ್ಲೇ ಠೇವಣಿಯ ಲೆಕ್ಕ ಮುಗಿಸಿಕೊಳ್ಳಲಿ.